ಮೊದಲು ನಲ್ಲಿ, ಆಮೇಲೆ ಗುಮ್ಮಟ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಮಸೀದಿ ಕಟ್ಟಡಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಒಂದು ಕಟ್ಟಾಗಿವೆ. ನಾನು ಕಟ್ಟಡಗಳ ನಕ್ಷೆ ಬರೆಯಲು ಶುರು ಮಾಡಿ ಇಪ್ಪತ್ತೆಂಟು ವರ್ಷ ಆಯಿತು. ಮನೆ, ಶಾಲೆ, ಆಸ್ಪತ್ರೆ ಎಲ್ಲ ಮಾಡಿದ್ದೇನೆ. ಮಸೀದಿಗಳು ಮಾತ್ರ ನಾಲ್ಕೇ. ಆದರೆ ಜಾಸ್ತಿ ಕಲಿತದ್ದು ಆ ನಾಲ್ಕರಿಂದ. ಹಾಗಾಗಿ ಈ ತಿಂಗಳು ಪೂರ್ತಿ ಅದೇ ವಿಷಯ. ಪತ್ರ ಬರೆದವರು ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಮಸೀದಿ ಕಮಿಟಿಯ ಸದಸ್ಯ. ಹಳೆಯ ಕಟ್ಟಡ ಇಳಿಸಿ ಹೊಸದು ಕಟ್ಟಲು ಹೊರಟಿದ್ದೇವೆ. ಆರ್ಕಿಟೆಕ್ಟ್ ತಂದ ನಕ್ಷೆಯಲ್ಲಿ ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ. ನಮ್ಮ ಹಿರಿಯರು “ಇದು ಮಸೀದಿಯೋ ಆಫೀಸೋ” ಎಂದು ಕೇಳುತ್ತಿದ್ದಾರೆ. ಗುಮ್ಮಟ ಇಲ್ಲದೆ ಮಸೀದಿ ಆಗುತ್ತದೆಯೇ?

ಉತ್ತರ: ಆಗುತ್ತದೆ. ಮದೀನಾದಲ್ಲಿ ಪ್ರವಾದಿಯವರ ಮಸೀದಿ ಮೊದಲು ಎದ್ದಾಗ ಅದಕ್ಕೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಗರಿಗಳ ಮಾಡು. ಮಧ್ಯೆ ದೊಡ್ಡ ಅಂಗಳ. ಗುಮ್ಮಟ ಇರಲಿಲ್ಲ, ಮಿನಾರೂ ಇರಲಿಲ್ಲ. ನಮಾಜಿನ ದಿಕ್ಕು ತೋರಿಸಲು ಗೋಡೆಯಲ್ಲಿ ಗೂಡಿನಂತೆ ಒಳಸರಿದ ಮಿಹ್ರಾಬ್ ಕೂಡ ಬಂದಿದ್ದು 8ನೇ ಶತಮಾನದ ಶುರುವಿನಲ್ಲಿ, ಖಲೀಫ ವಲೀದ್ ಆ ಮಸೀದಿಯನ್ನು ಮತ್ತೆ ಕಟ್ಟಿಸಿದಾಗ. ಆದರೆ ಆ ಮೊದಲ ಕಟ್ಟಡದ ಒಂದು ಬದಿಯಲ್ಲಿ ಸುಫ್ಫಾ ಎಂಬ ನೆರಳಿನ ಜಾಗ ಇತ್ತು. ಮನೆಯಿಲ್ಲದವರು ಅಲ್ಲೇ ಇರುತ್ತಿದ್ದರು, ಅಲ್ಲೇ ಕಲಿಯುತ್ತಿದ್ದರು. ಗುಮ್ಮಟಕ್ಕಿಂತ ಮುಂಚೆ ಬಂದಿದ್ದು ಸಮುದಾಯ ಭವನ. ಇದನ್ನು ನಾನು ಪ್ರತಿ ಕಮಿಟಿಗೂ ಹೇಳುತ್ತೇನೆ.

ಈಗಿನ ಉದಾಹರಣೆ ಬೇಕು ಅಂದರೆ ಢಾಕಾದ ಬೈತುರ್ ರವೂಫ್ ಮಸೀದಿಯ ಚಿತ್ರಗಳನ್ನು ಹಿರಿಯರಿಗೆ ತೋರಿಸಿ. ಮರೀನಾ ತಬಸ್ಸುಮ್ ವಿನ್ಯಾಸ ಮಾಡಿದ್ದು, 2012ರಲ್ಲಿ ಮುಗಿಯಿತು. ಜಾಗ ಕೊಟ್ಟಿದ್ದು ಅವರ ಅಜ್ಜಿ. ಗುಮ್ಮಟ ಇಲ್ಲ, ಮಿನಾರು ಇಲ್ಲ. ಬರೀ ಇಟ್ಟಿಗೆ, ಬೆಳಕು, ಗಾಳಿ. ಚಾವಣಿಯಲ್ಲಿ ಅಲ್ಲಲ್ಲಿ ದುಂಡನೆಯ ತೂತುಗಳು. ಬಿಸಿಲು ಅವುಗಳಿಂದ ಇಳಿದು ನೆಲದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಬೀಳುತ್ತದೆ. ಹೊತ್ತು ಸರಿದಂತೆ ಆ ಬಿಲ್ಲೆಗಳೂ ಸರಿಯುತ್ತವೆ. ಕಟ್ಟಡದ ಜಗುಲಿ ಎತ್ತರದಲ್ಲಿದೆ. ನಮಾಜ್ ಇಲ್ಲದ ಹೊತ್ತಿನಲ್ಲಿ ಮಕ್ಕಳು ಅಲ್ಲಿ ಆಡುತ್ತಾರೆ, ದೊಡ್ಡವರು ಕೂತು ಮಾತಾಡುತ್ತಾರೆ. 2016ರಲ್ಲಿ ಅದಕ್ಕೆ ಕಟ್ಟಡ ವಿನ್ಯಾಸಕ್ಕೆ ಕೊಡುವ ಆಗಾ ಖಾನ್ ಪ್ರಶಸ್ತಿ ಬಂತು.

ಆದರೂ ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಅವರು ಕೇಳುತ್ತಿರುವುದು ಸಿಮೆಂಟಿನ ಗೋಲವನ್ನಲ್ಲ. ದೂರದಿಂದ ನೋಡಿದಾಗ “ಅದೋ ನಮ್ಮದು” ಅನಿಸಬೇಕು ಎಂಬ ಆಸೆ ಅದು. ಅಂಥ ಆಸೆಗೆ ಬೆಲೆ ಇದೆ. ಟರ್ಕಿಯ ಅಂಕಾರಾದಲ್ಲಿ ಕೊಜಾತೆಪೆ ಮಸೀದಿಗೆ ವೆದಾತ್ ದಲೊಕಾಯ್ ಹೊಸ ಬಗೆಯ ನಕ್ಷೆ ಮಾಡಿದ್ದರು. ಅದು ತೀರಾ ಹೊಸತಾಯಿತು ಎಂಬ ವಿರೋಧ ಬಂತು, ಕೆಲಸ ನಿಂತಿತು. ಕೊನೆಗೆ ಅಲ್ಲಿ ಎದ್ದಿದ್ದು ಹಳೆಯ ಒಟ್ಟೊಮನ್ ಶೈಲಿಯ ಕಟ್ಟಡ. ಅದೇ ದಲೊಕಾಯ್ 1969ರಲ್ಲಿ ಇಸ್ಲಾಮಾಬಾದಿನ ಸ್ಪರ್ಧೆ ಗೆದ್ದು ಫೈಸಲ್ ಮಸೀದಿ ವಿನ್ಯಾಸ ಮಾಡಿದರು. 1986ರಲ್ಲಿ ಮುಗಿದ ಆ ಮಸೀದಿಗೂ ಗುಮ್ಮಟ ಇಲ್ಲ. ಮರಳುಗಾಡಿನ ಡೇರೆಯ ಆಕಾರ. ಆದರೆ ನಾಲ್ಕು ಮೂಲೆಗೆ ನಾಲ್ಕು ಮಿನಾರು ಇವೆ. ಇವತ್ತು ಆ ನಗರದ ಗುರುತೇ ಅದು. ಜನ ಹಿಡಿದುಕೊಳ್ಳಲು ಒಂದು ಗುರುತು ಅದರಲ್ಲಿ ಉಳಿದಿತ್ತು.

ಜರ್ಮನಿಯ ಪೆಂಜ್‌ಬರ್ಗ್ ಎಂಬ ಪುಟ್ಟ ಪಟ್ಟಣದ ದಾರಿ ನನಗೆ ತುಂಬಾ ಇಷ್ಟ. 2005ರಲ್ಲಿ ತೆರೆದ ಅಲ್ಲಿನ ಮಸೀದಿಗೆ ಆಲೆನ್ ಯಾಸಾರೆವಿಚ್ ಉಕ್ಕಿನ ಮಿನಾರು ಮಾಡಿದ್ದಾರೆ. ಆ ಉಕ್ಕಿನ ತಗಡಿನಲ್ಲೇ ಅಜಾನಿನ ಮಾತುಗಳನ್ನು ಅಕ್ಷರವಾಗಿ ಕೊರೆದಿದ್ದಾರೆ. ಕೂಗನ್ನು ಕಣ್ಣಿಂದ ಓದಬಹುದು.

ಹಿರಿಯರ ಜೊತೆ ಒಂದು ಸಂಜೆ ಕೂತುಕೊಳ್ಳಿ. “ಹಳೆಯ ಮಸೀದಿಯಲ್ಲಿ ನಿಮಗೆ ಯಾವುದು ಬಿಟ್ಟುಹೋಗಬಾರದು?” ಎಂದು ಕೇಳಿ. ನಾನು ಹೀಗೆ ಕೇಳಿದಾಗ ಒಬ್ಬ ಅಜ್ಜ ಗುಮ್ಮಟ ಅನ್ನಲೇ ಇಲ್ಲ. “ಬಾಗಿಲ ಪಕ್ಕದ ಆ ಕಲ್ಲುಬೆಂಚು ಇರಲಿ ಮಗಾ” ಅಂದರು. ಅದು ಈಗಲೂ ಇದೆ.

ಪ್ರಶ್ನೆ: ಹೊಸ ಮಸೀದಿಗೆ ವುಜೂ ಖಾನೆ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ಜಾಗ) ಎಲ್ಲಿ, ಹೇಗೆ ಇಡಬೇಕು? ನಮ್ಮ ಎಂಜಿನಿಯರ್ ಅದನ್ನು ಟಾಯ್ಲೆಟ್ ಪಕ್ಕ ಒಂದು ಮೂಲೆಯಲ್ಲಿ ಹಾಕಿಕೊಟ್ಟಿದ್ದಾರೆ.

ಉತ್ತರ: ಈ ಪ್ರಶ್ನೆ ಕೇಳಿದವರಿಗೆ ನನ್ನ ನಮಸ್ಕಾರ. ಎಲ್ಲರೂ ಗುಮ್ಮಟದ ಬಗ್ಗೆ ಕೇಳುತ್ತಾರೆ. ನಲ್ಲಿಯ ಬಗ್ಗೆ ಕೇಳುವವರು ಕಡಿಮೆ. ದಿನಕ್ಕೆ ಐದು ಸಲ ಜನ ಮುಟ್ಟುವುದು ನಲ್ಲಿಯನ್ನು, ಅಲ್ವಾ?

ನನ್ನ ಮೊದಲ ಮಸೀದಿಯಲ್ಲಿ ನಾನು ತಪ್ಪು ಮಾಡಿದ್ದೂ ಇಲ್ಲೇ. ನಲ್ಲಿಗಳನ್ನು ಚೆನ್ನಾಗಿ ಸಾಲಾಗಿ ಇಟ್ಟಿದ್ದೆ. ಕೂರಲು ಜಾಗ ಮಾಡಿರಲಿಲ್ಲ. ಉದ್ಘಾಟನೆಯ ದಿನ ವಯಸ್ಸಾದ ಒಬ್ಬರು ನನ್ನನ್ನು ಕರೆದು, “ಅಮ್ಮಾ, ನಲ್ಲಿ ಚೆನ್ನಾಗಿದೆ. ಆದ್ರೆ ಕಾಲು ಎತ್ತೋಕಾಗ್ತಿಲ್ಲ” ಅಂದರು. ವುಜೂ ಮಾಡುವಾಗ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆ, ಕೊನೆಗೆ ಪಾದ. ಪಾದದ ಹೊತ್ತಿಗೆ ನಿಂತವನು ಒಂಟಿ ಕಾಲಲ್ಲಿರುತ್ತಾನೆ, ಅದೂ ಒದ್ದೆ ನೆಲದ ಮೇಲೆ. ಎಪ್ಪತ್ತು ವರ್ಷದವರಿಗೆ ಅದು ಹೇಗಿರುತ್ತದೆ ಎಂದು ನಕ್ಷೆ ಬರೆಯುವಾಗ ನನಗೆ ಹೊಳೆದಿರಲಿಲ್ಲ. ಮರುವಾರವೇ ಮೇಸ್ತ್ರಿಯನ್ನು ಕರೆಸಿ ಕಲ್ಲಿನ ಪೀಠ ಹಾಕಿಸಿದೆ.

ಹಾಗಾಗಿ ಕುರ್ಚಿಯಷ್ಟೇ ಎತ್ತರದ ಪೀಠ ಇರಲಿ. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದಷ್ಟು ಅಂತರ, ಅಂದರೆ ಎರಡೂವರೆಯಿಂದ ಮೂರು ಅಡಿ. ಪೀಠದ ಮುಂದೆ ನೀರು ಹರಿದುಹೋಗುವ ಅಗಲದ ಕಾಲುವೆ. ಜಾರದ, ಒರಟು ಕಲ್ಲಿನ ನೆಲ. ಪಕ್ಕದಲ್ಲಿ ಹಿಡಿದು ಏಳಲು ಒಂದು ಕಂಬಿ. ಕನ್ನಡಕ, ವಾಚು, ಫೋನು ಇಡಲು ಚಿಕ್ಕ ಗೂಡು. ಗಾಲಿಕುರ್ಚಿಯಲ್ಲಿ ಬರುವವರಿಗೆ ಪೀಠವಿಲ್ಲದ ಒಂದೆರಡು ನಲ್ಲಿ ಬಿಟ್ಟಿರಿ.

ಇನ್ನು ಜಾಗ. ಟಾಯ್ಲೆಟ್ ಪಕ್ಕದ ಮೂಲೆ ಬೇಡ. ವುಜೂ ನಮಾಜಿನ ಮೊದಲ ಮೆಟ್ಟಿಲು. ಅಲ್ಲಿ ಬೆಳಕು ಬೀಳಬೇಕು, ಗಾಳಿ ಆಡಬೇಕು. ಜನ ನಡೆಯುವ ದಾರಿ ಹೀಗಿರಲಿ: ಚಪ್ಪಲಿ ಬಿಡುವುದು, ಕೈಕಾಲು ತೊಳೆಯುವುದು, ಒರೆಸಿಕೊಳ್ಳುವುದು, ಆಮೇಲೆ ಜಮಖಾನ. ಎಷ್ಟೋ ಕಡೆ ಈ ದಾರಿ ತಿರುವುಮುರುವಾಗಿರುತ್ತದೆ. ತೊಳೆದ ಕಾಲಲ್ಲಿ ಚಪ್ಪಲಿ ರಾಶಿ ದಾಟಿ ಒಳಗೆ ಹೋಗಬೇಕಾಗುತ್ತದೆ. ಜಮಖಾನದ ಅಂಚು ಸದಾ ಒದ್ದೆ, ಮುಗ್ಗಲು ವಾಸನೆ. ಇದಕ್ಕೆ ಊದುಬತ್ತಿ ಪರಿಹಾರವಲ್ಲ. ಬಾಗಿಲು ಸರಿಯಾದ ಕಡೆ ಇಟ್ಟರೆ ಸಾಕು.

ವುಜೂ ನೀರಿನಲ್ಲಿ ಸೋಪು ಇರುವುದಿಲ್ಲ. ಟಾಯ್ಲೆಟ್ ಪೈಪಿಗೆ ಸೇರಿಸಬೇಡಿ. ಬೇರೆ ಪೈಪು ಹಾಕಿ, ಒಂದು ತೊಟ್ಟಿಯಲ್ಲಿ ನಿಲ್ಲಿಸಿ, ಸೋಸಿ, ಗಿಡಗಳಿಗೂ ಫ್ಲಶ್‌ಗೂ ಬಳಸಬಹುದು. 2019ರಲ್ಲಿ ತೆರೆದ ಇಂಗ್ಲೆಂಡಿನ ಕೇಂಬ್ರಿಡ್ಜ್ ಮಸೀದಿಯಲ್ಲಿ ಬಳಸಿದ ನೀರು ಮತ್ತು ಮಳೆನೀರು ಎರಡನ್ನೂ ಹೀಗೇ ಬಳಸುತ್ತಾರೆ. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಜೂ ಮಾಡುತ್ತಿದ್ದರು ಎಂದು ಹದೀಸಿನಲ್ಲಿದೆ. ಎರಡೂ ಕೈ ಸೇರಿಸಿ ಹಿಡಿದ ಬೊಗಸೆಯ ಲೆಕ್ಕ ಅದು, ಲೀಟರಿಗಿಂತ ಕಡಿಮೆ. ಪೂರ್ತಿ ತಿರುಗಿಸಿದ ನಲ್ಲಿ ಅದರ ಎಷ್ಟೋ ಪಟ್ಟು ಸುರಿಯುತ್ತದೆ. ತಾನಾಗಿ ನಿಲ್ಲುವ ನಲ್ಲಿಗೆ ಸ್ವಲ್ಪ ಜಾಸ್ತಿ ಖರ್ಚಾದರೂ ಹಾಕಿಸಿ.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ನಾಲ್ಕನೇ ವರ್ಷದ ವಿದ್ಯಾರ್ಥಿ. ಕಾಲೇಜಿನ ಪ್ರಾಜೆಕ್ಟಿಗೆ ಮಸೀದಿ ಮತ್ತು ಸಮುದಾಯ ಭವನ ಆರಿಸಿಕೊಂಡಿದ್ದೇನೆ. ನನ್ನ ಸೈಟು ರಸ್ತೆಗೆ ನೇರವಾಗಿದೆ, ಆದರೆ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡಬೇಕಾದ ಮೆಕ್ಕಾದ ಕಾಬಾದ ದಿಕ್ಕು, ಓರೆಯಾಗಿ ಬರುತ್ತದೆ. ಮೂಲೆಗಳಲ್ಲಿ ಜಾಗ ವ್ಯರ್ಥ ಆಗುತ್ತಿದೆ. ಏನು ಮಾಡಲಿ?

ಉತ್ತರ: ಆ ಓರೆ ನಿಮಗೆ ಸಿಕ್ಕ ಬಹುಮಾನ. ಸಮತಟ್ಟಾದ ಸೈಟಿನಲ್ಲಿ ನೇರ ರಸ್ತೆಗೆ ನೇರ ಕಟ್ಟಡವನ್ನು ಯಾರು ಬೇಕಾದರೂ ಬರೆದುಬಿಡುತ್ತಾರೆ.

ಮೇಲೆ ಹೇಳಿದ ಢಾಕಾದ ಮಸೀದಿಗೂ ಇದೇ ತೊಡಕಿತ್ತು. ಸೈಟಿಗೂ ಕಿಬ್ಲಾಗೂ 13 ಡಿಗ್ರಿ ವ್ಯತ್ಯಾಸ. ತಬಸ್ಸುಮ್ ಹೊರಗೆ ಒಂದು ಚೌಕ ಇಟ್ಟರು, ಸೈಟಿಗೆ ಒಪ್ಪುವಂತೆ. ಅದರೊಳಗೆ ಒಂದು ದುಂಡು ಗೋಡೆ. ಅದರೊಳಗೆ ಇನ್ನೊಂದು ಚೌಕ, ಅದು ಕಿಬ್ಲಾಕ್ಕೆ ನೇರ. ದುಂಡಿಗೆ ದಿಕ್ಕಿಲ್ಲ, ಹಾಗಾಗಿ ಒಳಗಿನ ಚೌಕವನ್ನು ಬೇಕಾದ ಹಾಗೆ ತಿರುಗಿಸಬಹುದು. ದುಂಡಿಗೂ ಒಳಗಿನ ಚೌಕಕ್ಕೂ ನಡುವೆ ಉಳಿದ ನಾಲ್ಕು ಕಡೆ ಬೆಳಕಿನ ಅಂಗಳಗಳಾದವು. ಹೊರ ಚೌಕ ಮತ್ತು ದುಂಡಿನ ಸಂದಿಯಲ್ಲಿ ವುಜೂ ಜಾಗ ಕೂತಿತು. ನೀವು ವ್ಯರ್ಥ ಅನ್ನುವ ಮೂಲೆಗಳೇ ಅಲ್ಲಿ ಕಟ್ಟಡದ ಉಸಿರು. ಈ ನಕ್ಷೆಯನ್ನು ಕೈಯಾರೆ ಒಂದು ಸಲ ಬರೆದು ನೋಡಿ. ಕಂಪ್ಯೂಟರಿನಲ್ಲಿ ಬೇಡ, ಪೆನ್ಸಿಲಿನಲ್ಲಿ.

ನ್ಯೂಯಾರ್ಕಿನ ಇಸ್ಲಾಮಿಕ್ ಕಲ್ಚರಲ್ ಸೆಂಟರ್ 1991ರದ್ದು. ಅದು ಬೀದಿಗಳ ಚೌಕಜಾಲವನ್ನು ಬಿಟ್ಟು ತಿರುಗಿ ನಿಂತಿದೆ. ಆ ತಿರುವಿನಿಂದಲೇ ಅದರ ಮುಂದೆ ಒಂದು ತೆರೆದ ಅಂಗಳ ಹುಟ್ಟಿದೆ. ಅಲ್ಲಿಂದ ಕಿಬ್ಲಾ ಈಶಾನ್ಯಕ್ಕೆ ಬರುತ್ತದೆ. ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಆ ಕಡೆಯಿಂದ.

ದಿಕ್ಕನ್ನು ಫೋನಿನ ದಿಕ್ಸೂಚಿಯಿಂದ ಮಾತ್ರ ಅಳೆಯಬೇಡಿ. ಅಕ್ಕಪಕ್ಕದ ಕಬ್ಬಿಣದಿಂದ ಮುಳ್ಳು ತಪ್ಪುತ್ತದೆ. ಹಳೆಯ, ಖಚಿತವಾದ ದಾರಿ ಒಂದಿದೆ. ವರ್ಷಕ್ಕೆ ಎರಡು ಸಲ ಸೂರ್ಯ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ. ಮೇ 27 ಅಥವಾ 28ರಂದು ಮೆಕ್ಕಾ ಸಮಯ ಮಧ್ಯಾಹ್ನ 12:18ಕ್ಕೆ, ಜುಲೈ 15 ಅಥವಾ 16ರಂದು 12:27ಕ್ಕೆ. ಆ ಹೊತ್ತಿನಲ್ಲಿ ನಿಮ್ಮಲ್ಲಿ ಬಿಸಿಲಿದ್ದರೆ, ತೂಕದ ದಾರ ಬಿಟ್ಟು ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ನೋಡಿ. ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಎಳೆದ ಗೆರೆಯೇ ಕಿಬ್ಲಾ. ನನ್ನ ಎರಡನೇ ಮಸೀದಿಯ ಸೈಟಿನಲ್ಲಿ ಮೇಸ್ತ್ರಿ, ನಮಾಜ್ ನಡೆಸುವ ಇಮಾಂ ಸಾಹೇಬರು, ನಾನು ಮೂವರೂ ಹೀಗೆ ಸುಣ್ಣದ ಗೆರೆ ಎಳೆದೆವು. ಆ ಗೆರೆ ಕಣ್ಣಾರೆ ಕಂಡ ಮೇಲೆ ದಿಕ್ಕಿನ ಬಗ್ಗೆ ಯಾರೂ ಮತ್ತೆ ಮಾತೆತ್ತಲಿಲ್ಲ.

ಇನ್ನೊಂದು ಮಾತು. ನಮಾಜಿನ ಹಾಲ್ ಆಳಕ್ಕಿಂತ ಅಗಲ ಜಾಸ್ತಿ ಇರಲಿ. ಜನ ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಲ್ಲುತ್ತಾರೆ. ಒಬ್ಬರಿಗೆ ಸುಮಾರು 2 ಅಡಿ ಅಗಲ, 4 ಅಡಿ ಆಳ ಬೇಕು. 1,000 ಚದರ ಅಡಿಯಲ್ಲಿ 125 ಜನ. ಕಂಬಗಳನ್ನು ಈ 4 ಅಡಿಯ ಲೆಕ್ಕಕ್ಕೆ ಹೊಂದಿಸಿ. ಇಲ್ಲದಿದ್ದರೆ ನೆಲಕ್ಕೆ ಬಾಗಿ ಸಜ್ದಾ ಮಾಡುವವನ ಹಣೆಗೆ ಕಂಬ ಸಿಗುತ್ತದೆ.

ಪ್ರಶ್ನೆ: ಮಸೀದಿಗೆ ಹಸಿರು ಬಣ್ಣ ಕಡ್ಡಾಯವೇ?

ಉತ್ತರ: ಇಲ್ಲ. ಬೋಸ್ನಿಯಾದ ವಿಸೊಕೊದಲ್ಲಿ ಝ್ಲಾಟ್ಕೊ ಉಗ್ಲೆನ್ 1980ರಲ್ಲಿ ಮುಗಿಸಿದ ಮಸೀದಿಯ ಹೆಸರೇ ಬಿಳಿ ಮಸೀದಿ.

ಪ್ರಶ್ನೆ: ನಮ್ಮ ಹೊಸ ಹಾಲ್ ನೋಡಲು ಸುಂದರವಾಗಿದೆ. ಆದರೆ ಶುಕ್ರವಾರದ ಖುತ್ಬಾ (ಪ್ರವಚನ) ಒಂದಕ್ಷರ ಅರ್ಥ ಆಗುವುದಿಲ್ಲ. ಸೌಂಡ್ ಜಾಸ್ತಿ ಮಾಡಿದಷ್ಟೂ ಗದ್ದಲ ಜಾಸ್ತಿ.

ಉತ್ತರ: ಸೌಂಡ್ ಕಡಿಮೆ ಮಾಡಿ. ಗೋಳಗುಮ್ಮಟದೊಳಗೆ ಪಿಸುಮಾತು ಸುತ್ತಿ ಸುತ್ತಿ ವಾಪಸ್ ಬರುವುದನ್ನು ಓದಿರುತ್ತೀರಿ. ಗಟ್ಟಿಯಾದ, ನುಣುಪಾದ ಗುಮ್ಮಟದ ಗುಣವೇ ಅದು. ಅದು ಸಮಾಧಿ, ಅಲ್ಲಿ ಭಾಷಣ ಕೇಳಬೇಕಿಲ್ಲ. ಮಸೀದಿಯಲ್ಲಿ ಮಾತು ತಿಳಿಯಬೇಕು. ಹಿಂದಿನವರಿಗೂ ಇದು ಗೊತ್ತಿತ್ತು. ಇಸ್ತಾಂಬುಲ್‌ನ ಸುಲೇಮಾನಿಯೆ ಮಸೀದಿಯ ಗುಮ್ಮಟದಲ್ಲಿ ಅದನ್ನು ಕಟ್ಟಿದ ಶಿಲ್ಪಿ ಸಿನಾನ್ 16ನೇ ಶತಮಾನದಲ್ಲೇ ಟೊಳ್ಳು ಮಡಕೆಗಳನ್ನು ಹುದುಗಿಸಿದ್ದರು, ಸದ್ದನ್ನು ಹದಕ್ಕೆ ತರಲು. ನೀವು ಮಡಕೆ ಹುದುಗಿಸಬೇಕಿಲ್ಲ. ಮಿಹ್ರಾಬ್‌ಗೆ ಎದುರಿನ ಹಿಂಗೋಡೆಗೆ ತೂತುಗಳಿರುವ ಮರದ ಹಲಗೆ ಹೊಡೆಸಿ, ಅದರ ಹಿಂದೆ ಸದ್ದು ಹೀರುವ ಉಣ್ಣೆಯ ಹಾಸು ಇರಲಿ. ಒಂದು ದೊಡ್ಡ ಸ್ಪೀಕರ್ ತೆಗೆದು, ಕಿವಿಗೆ ಹತ್ತಿರವಾಗಿ ನಾಲ್ಕಾರು ಚಿಕ್ಕವು ಹಾಕಿ. ಜಮಖಾನ ಚೂಪು ಸದ್ದನ್ನು ಹೀರುತ್ತದೆ, ದಪ್ಪ ಸದ್ದನ್ನು ಬಿಟ್ಟುಬಿಡುತ್ತದೆ. ಗುಂಯ್ ಅನ್ನುವುದು ಅದೇ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಎಷ್ಟೋ ಹೊಸ ಮಸೀದಿಗಳಲ್ಲಿ ಹೆಂಗಸರಿಗೆ ಜಾಗ ಇದೆ ಅನ್ನುತ್ತಾರೆ. ಹೋಗಿ ನೋಡಿದರೆ ಹಿಂದಿನ ಮೆಟ್ಟಿಲು, ಕಿಟಕಿಯಿಲ್ಲದ ಕೋಣೆ, ದಪ್ಪ ಪರದೆ. ಆರ್ಕಿಟೆಕ್ಟ್‌ಗಳಿಗೆ ಇದು ಕಾಣುವುದಿಲ್ಲವೇ?

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚಿಕ್ಕವಳಿದ್ದಾಗ ನಾನು ಅಮ್ಮನ ಜೊತೆ ಅಂಥದ್ದೇ ಕೋಣೆಯಲ್ಲಿ ಕೂರುತ್ತಿದ್ದೆ. ಕೆಳಗಿನ ದನಿ ಒಂದು ಕೊರಕೊರ ಸ್ಪೀಕರಿನಿಂದ ಬರುತ್ತಿತ್ತು. ಒಂದು ದಿನ ನಡುವೆ ಕರೆಂಟ್ ಹೋಯಿತು. ಇಮಾಂ ಸೊಂಟ ಬಾಗಿಸಿ ರುಕೂನಲ್ಲಿದ್ದಾರೋ ಸಜ್ದಾದಲ್ಲಿದ್ದಾರೋ ಯಾರಿಗೂ ಗೊತ್ತಾಗಲಿಲ್ಲ. ಕೆಲವರು ಬಾಗಿದ್ದರು, ಕೆಲವರು ನಿಂತಿದ್ದರು. ಅಮ್ಮ ಅತ್ತಿತ್ತ ನೋಡಿದ ಆ ನೋಟ ನನಗೆ ಇನ್ನೂ ನೆನಪಿದೆ. ಮಿಹ್ರಾಬನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ವಿದ್ಯಾರ್ಥಿನಿಯಾಗಿ, ಕೈಯಲ್ಲಿ ಅಳತೆ ಟೇಪು ಹಿಡಿದುಕೊಂಡು.

ಆದ್ದರಿಂದ ಹೆಂಗಸರ ಜಾಗದಿಂದ ಇಮಾಂ ಕಾಣಬೇಕು ಅನ್ನುವುದು ನನಗೆ ಔದಾರ್ಯದ ಮಾತಲ್ಲ. ಕಾಣದೆ, ದನಿಯೂ ನಿಂತರೆ, ಎಲ್ಲರೂ ಒಟ್ಟಿಗೆ ಮಾಡುವ ಜಮಾತಿನ ನಮಾಜೇ ತಪ್ಪಿಹೋಗುತ್ತದೆ. ನಕ್ಷೆಯಲ್ಲಿ ಕಣ್ಣಿನಿಂದ ಮಿಹ್ರಾಬ್‌ಗೆ ಒಂದು ಗೆರೆ ಎಳೆದು ನೋಡಬೇಕು. ಗೋಡೆ ಅಡ್ಡ ಬಂದರೆ ಆ ನಕ್ಷೆ ಮುಗಿದಿಲ್ಲ.

ಅಂಕಾರಾದ ಪಾರ್ಲಿಮೆಂಟ್ ಮಸೀದಿಯನ್ನು ಅಪ್ಪ ಬೆಹ್ರೂಜ್ ಚಿನಿಜಿ ಮತ್ತು ಮಗ ಜಾನ್ ಸೇರಿ 1989ರಲ್ಲಿ ಮುಗಿಸಿದರು. ಕಿಬ್ಲಾ ಗೋಡೆಯೇ ಗಾಜಿನದು, ಎದುರಿಗೆ ತಗ್ಗಿನಲ್ಲಿ ತೋಟ ಮತ್ತು ಕೊಳ. ಹೆಂಗಸರ ಜಾಗ ಸ್ವಲ್ಪ ಎತ್ತರದಲ್ಲಿದೆ, ಅಷ್ಟೇ. ಆ ತೋಟ ಎಲ್ಲರಿಗೂ ಒಂದೇ. ಇಸ್ತಾಂಬುಲ್‌ನ ಶಾಕಿರಿನ್ ಮಸೀದಿ 2009ರದ್ದು. ಅದರ ಒಳಗಿನ ವಿನ್ಯಾಸ ಮಾಡಿದವರು ಝೆಯ್ನೆಪ್ ಫಾದಿಲ್ಲಿಯೋಲು ಎಂಬ ಮಹಿಳೆ. ಗಾಜಿನ ಹನಿಗಳ ದೊಡ್ಡ ದೀಪಗೊಂಚಲು ಅಲ್ಲಿದೆ. ಮೇಲಿನ ಹೆಂಗಸರ ಗ್ಯಾಲರಿಯಿಂದ ಅದು ಚೆನ್ನಾಗಿ ಕಾಣುತ್ತದೆ.

ನನ್ನ ಮೂರನೇ ಮಸೀದಿಯಲ್ಲಿ ಪೆನ್ಸಿಲ್ ಹಿಡಿಯುವ ಮೊದಲು ಹೆಂಗಸರನ್ನೇ ಕೂರಿಸಿ ಕೇಳಿದೆ. ಎಲ್ಲರೂ ಒಂದೇ ಹೇಳಲಿಲ್ಲ. ಕೆಲವರಿಗೆ ಪರದೆ ಬೇಕೇ ಬೇಕು, ಅದರಿಂದ ನಿರಾಳ. ಕೆಲವರಿಗೆ ಬೇಡವೇ ಬೇಡ. ಒಬ್ಬ ಹುಡುಗಿ, “ನಂಗೆ ಪರದೆ ಬಗ್ಗೆ ಚಿಂತೆ ಇಲ್ಲ, ಹಿಂದಿನ ಗಲ್ಲಿಯಿಂದ ಬರೋಕೆ ಮಾತ್ರ ಹೇಳ್ಬೇಡಿ” ಅಂದಳು. ಹಾಗಾಗಿ ಬಾಗಿಲು ಮುಂದಿನ ಅಂಗಳಕ್ಕೇ ತೆರೆಯಿತು. ಒಂದೇ ನೆಲ, ಒಂದೇ ಜಮಖಾನ. ನಡುವೆ ನಾಲ್ಕಡಿ ಎತ್ತರದ ಮರದ ಜಾಲರಿ, ಸರಿಸಬಹುದಾದದ್ದು. ಕೂತಾಗ ಮರೆ, ನಿಂತಾಗ ನೋಟ. ಒಂದು ತುದಿಯಲ್ಲಿ ಎತ್ತರದ ಜಾಲರಿ, ಬೇಕಾದವರಿಗೆ. ಪುಟ್ಟ ಮಕ್ಕಳಿರುವವರಿಗೆ ಗಾಜಿನ ಗೋಡೆಯ ಕೋಣೆ. ವುಜೂ ಜಾಗ ಅವರದೇ, ಒಳಗಿನಿಂದಲೇ ಬಾಗಿಲು. ತಲೆಬಟ್ಟೆ ತೆಗೆದು, ತೊಳೆದು, ಮತ್ತೆ ಕಟ್ಟಿಕೊಳ್ಳಲು ಕನ್ನಡಿ, ಮೊಳೆ. ಆ ಮೊಳೆಗಳನ್ನು ನೆನಪಿಸಿದ್ದು ಅಮ್ಮ.

ನೀವು ಕೇಳಿದಿರಿ, ಆರ್ಕಿಟೆಕ್ಟ್‌ಗಳಿಗೆ ಕಾಣುವುದಿಲ್ಲವೇ ಎಂದು. ಕಮಿಟಿಯ ಮೇಜಿನ ಸುತ್ತ ಹೆಂಗಸರು ಇಲ್ಲದಿದ್ದರೆ ಕಾಣುವುದಿಲ್ಲ. ಮೊದಲು ಅಲ್ಲಿ ಒಂದು ಕುರ್ಚಿ ಕೇಳಿ.

ಪ್ರಶ್ನೆ: ನಾನು ಮುಸ್ಲಿಮನಲ್ಲ. ನಮ್ಮ ಬೀದಿಯಲ್ಲಿ ಮಸೀದಿ ಮತ್ತು ಸಮುದಾಯ ಭವನ ಬರುತ್ತಿದೆ. ಎಲ್ಲರೂ ಬರಬಹುದು ಅಂದಿದ್ದಾರೆ. ನಿಜವಾಗಿ ಬರಬಹುದಾ, ಸುಮ್ನೆ ಮಾತಾ? ಶುಕ್ರವಾರದ ವಾಹನಗಳ ಚಿಂತೆಯೂ ಇದೆ.

ಉತ್ತರ: ಇದನ್ನು ಕಟ್ಟಡವೇ ಹೇಳುತ್ತದೆ. ನಕ್ಷೆಯಲ್ಲಿ ನಾನು ಮೊದಲು ಹುಡುಕುವುದು ಚಪ್ಪಲಿ ಗೆರೆ. ಅಂದರೆ ಚಪ್ಪಲಿ ಬಿಡಬೇಕಾದ ಗೆರೆ ಎಲ್ಲಿದೆ ಎಂದು. ಅದು ಗೇಟಿನಲ್ಲೇ ಇದ್ದರೆ ಹೊರಗಿನವರು ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ಲೈಬ್ರರಿ, ಟ್ಯೂಷನ್ ಕೋಣೆ, ಸಭಾಂಗಣ ಇವೆಲ್ಲ ಗೆರೆಯ ಈಚೆ, ರಸ್ತೆಯ ಕಡೆಗೆ ಇರಬೇಕು. ನಮಾಜಿನ ಹಾಲ್ ಮಾತ್ರ ಗೆರೆಯ ಆಚೆ, ಒಳಗೆ, ಶಾಂತವಾಗಿ.

ಕೇಂಬ್ರಿಡ್ಜ್ ಮಸೀದಿಯನ್ನು ವಿನ್ಯಾಸ ಮಾಡಿದ್ದು ಮಾರ್ಕ್ಸ್ ಬಾರ್‌ಫೀಲ್ಡ್ ಸಂಸ್ಥೆ. ರಸ್ತೆ ಬದಿಗೆ ಮೊದಲು ಸಿಗುವುದು ಒಂದು ತೋಟ, ಬೆಂಚುಗಳು. ಆಮೇಲೆ ಮೊಗಸಾಲೆ, ಆಮೇಲೆ ನಡುಮನೆಯಂಥ ಜಾಗ. ಕೆಫೆ, ಪಾಠದ ಕೋಣೆ ಅಲ್ಲೇ. ಕೊನೆಗೆ ನಮಾಜಿನ ಹಾಲ್. ಮರದ ಕಂಬಗಳು ಮೇಲೆ ಹೋಗುತ್ತಾ ಕೊಂಬೆಗಳಂತೆ ಹೆಣೆದುಕೊಳ್ಳುತ್ತವೆ, ಅಂಥವು 30 ಇವೆ. ಕಾರುಗಳನ್ನು ನೆಲದಡಿಗೆ ಹಾಕಿದ್ದಾರೆ.

ಆಸ್ಟ್ರೇಲಿಯಾದ ಮೆಲ್ಬೋರ್ನ್ ಹತ್ತಿರ ನ್ಯೂಪೋರ್ಟ್‌ನಲ್ಲಿ ಗ್ಲೆನ್ ಮರ್ಕಟ್ ಮತ್ತು ಹಕಾನ್ ಎಲೆವ್ಲಿ ಮಾಡಿದ ಕೇಂದ್ರದ ಮುಂಭಾಗ ಪೂರ್ತಿ ಗಾಜು. ಹೊರಗೆ ನಿಂತವರಿಗೆ ಒಳಗೆ ನಡೆಯುವುದು ಕಾಣುತ್ತದೆ. ಚಾವಣಿಯ ಮೇಲೆ 96 ಬೆಳಕಿನ ಗೂಡುಗಳು, ಬಣ್ಣದ ಗಾಜಿನವು. ಮಿನಾರು ಇಲ್ಲ. ಅಡಗಿಸುವುದು ಏನೂ ಇಲ್ಲ ಎಂದು ಅದು ಗೋಡೆಯಿಂದಲೇ ಹೇಳುತ್ತಿದೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರ ನೈಜರ್ ದೇಶದ ದಂಡಾಜಿ ಎಂಬ ಹಳ್ಳಿ. ಅಲ್ಲಿ ಹಳೆಯ ಮಣ್ಣಿನ ಮಸೀದಿ ಸಾಲದಾಗಿತ್ತು, ಕೆಡವಬೇಕು ಎಂದಿದ್ದರು. ಮರಿಯಮ್ ಕಮಾರಾ ಮತ್ತು ಯಾಸಮನ್ ಎಸ್ಮಾಯಿಲಿ ಅದನ್ನು ಉಳಿಸಿ ಲೈಬ್ರರಿ ಮಾಡಿದರು. ಹೊಸ ಮಸೀದಿಯನ್ನು ಪಕ್ಕದಲ್ಲೇ, ಅದೇ ಅಂಗಳದಲ್ಲಿ, ಒತ್ತಿದ ಮಣ್ಣಿನ ಇಟ್ಟಿಗೆಯಿಂದ ಕಟ್ಟಿದರು. ಹಳೆಯದನ್ನು ಮೊದಲು ಕಟ್ಟಿದ್ದ ಮೇಸ್ತ್ರಿಗಳೂ ಅದರ ದುರಸ್ತಿಗೆ ಕೈ ಹಾಕಿದರು. 2018ರಲ್ಲಿ ಮುಗಿಯಿತು. ಓದಲು ಬಂದವರೂ ನಮಾಜಿಗೆ ಬಂದವರೂ ಈಗ ಒಂದೇ ಅಂಗಳ ದಾಟುತ್ತಾರೆ.

ವಾಹನಗಳ ಚಿಂತೆ ಸರಿಯಾದದ್ದೇ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ದಟ್ಟಣೆ ಇರುತ್ತದೆ, ಹಬ್ಬದ ದಿನ ಇನ್ನೂ ಜಾಸ್ತಿ. ಅಂಗಳಕ್ಕೆ ತೆರೆಯುವ ಮಡಚುವ ಬಾಗಿಲು ಹಾಕಿದರೆ ಸಾಲುಗಳು ಬೀದಿಗೆ ಬರುವುದಿಲ್ಲ. ಸೈಕಲ್, ಬೈಕಿಗೆ ಜಾಗ ಜಾಸ್ತಿ ಬಿಟ್ಟರೆ ಕಾರು ಕಡಿಮೆಯಾಗುತ್ತದೆ. ಇವನ್ನೆಲ್ಲ ಕಟ್ಟಡ ಎದ್ದ ಮೇಲೆ ಹೇಳಿ ಪ್ರಯೋಜನವಿಲ್ಲ. ಈಗಲೇ ಕಮಿಟಿಯವರ ಬಳಿ ಹೋಗಿ, ನಕ್ಷೆ ತೋರಿಸಿ ಅನ್ನಿ. ಚಪ್ಪಲಿ ಗೆರೆ ಎಲ್ಲಿದೆ ಎಂದು ಕೇಳಿ. ಹೊರಗೋಡೆಗೆ, ಬೀದಿಯ ಕಡೆಗೆ, ಒಂದು ಕಲ್ಲುಬೆಂಚು ಹಾಕಿಸಿ ಎಂದೂ ಕೇಳಿ. ಅವರು ಏನಂದರು ಎಂದು ನನಗೆ ಬರೆಯಿರಿ.